ತೂಬಿನ ಹ್ಯಾಂಡಲ್ಲು ಮತ್ತು ನಾಲ್ಕನೇ ಸ್ಥಾನ

ಮಾದುವಿಗೆ ಏಳು ತಿಂಗಳ ಸಂಬಳ ಬರಬೇಕು. ತಿಂಗಳಿಗೆ ಹದಿಮೂರು ಸಾವಿರದಂತೆ ತೊಂಬತ್ತೊಂದು ಸಾವಿರ. ಕೊಡಬೇಕಾದವನು ಹೊರಗುತ್ತಿಗೆ ಏಜೆನ್ಸಿಯವನು. ಅವನಿಗೆ ಕೊಡಬೇಕಾದವರು ಮೇಲಿನವರು, ಆ ಮೇಲಿನವರಿಗೆ ಇನ್ನೂ ಮೇಲಿನವರು. ನೀರು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ ಎಂದು ಇಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ದುಡ್ಡಿಗೆ ಆ ಪಾಠ ಯಾರೂ ಮಾಡಿದಂತಿಲ್ಲ. ಈ ಬಗ್ಗೆ ಒಂಬತ್ತು ಮನವಿ ಪತ್ರ ಬರೆದಿದ್ದೇನೆ. ಒಂಬತ್ತಕ್ಕೂ ಸೀಲು ಬಿದ್ದಿದೆ, ಸೀಲು ಮಾತ್ರ ಬಿದ್ದಿದೆ. ಹತ್ತನೆಯದನ್ನು ಇಲ್ಲಿ ಬರೆಯುವುದಿಲ್ಲ. ಇಲ್ಲಿ ಬರೆಯುತ್ತಿರುವುದು, ಹೀಗೆ ಸಂಬಳ ಬಾರದ ಮನುಷ್ಯನೊಬ್ಬ ಈಜಿ, ಸೈಕಲ್ ತುಳಿದು, ಓಡಿ, ರಾಷ್ಟ್ರಮಟ್ಟದ ಸ್ಪರ್ಧೆಗೆ ಒಂದು ಸೀಟು ಹಿಡಿಯಲು ಹೊರಟ ಸಂಗತಿ. ನಗುವವರು ಈಗಲೇ ನಕ್ಕು ಮುಗಿಸಿ. ಕೊನೆಯಲ್ಲಿ ನಿಮ್ಮಿಂದ ಒಂದು ಕೆಲಸ ಆಗಬೇಕಾಗಿದೆ.

ಮಾದು ನಮ್ಮ ಮಾಂಬಳ್ಳಿ ಕಡೆಯ ನೀರುಗಂಟಿ. ಈ ಸಂಗತಿ ಶುರುವಾದಾಗ ವಯಸ್ಸು ಮೂವತ್ತೇಳು. ನಾಲೆಯ ಏಳು ಕಿಲೋಮೀಟರ್ ಅವನ ಸುಪರ್ದಿ. ಬೆಳಗಾದರೆ ಏರಿ ಮೇಲೆ ಸೈಕಲ್ ಹೊಡೆದು ಒಂದೊಂದೇ ತೂಬು ನೋಡಬೇಕು. ಜೊಂಡು ಕಟ್ಟಿಕೊಂಡ ಕಡೆ ನೀರಿಗಿಳಿದು ಈಜಿ ಎಳೆದು ಹಾಕಬೇಕು. ಯಾರಾದರೂ ಏರಿ ಕೊರೆದು ಪೈಪು ಇಟ್ಟಿದ್ದು ಕಂಡರೆ, ಇಟ್ಟವನು ಸಣ್ಣ ರೈತನಾದರೆ ಅವನ ಹಿಂದೆ ಓಡಬೇಕು, ದೊಡ್ಡ ರೈತನಾದರೆ ಅವನ ಮುಂದೆ ಓಡಬೇಕು. ಹೀಗೆ ಈಜು, ಸೈಕಲ್, ಓಟ ಮೂರೂ ಅವನ ಕೆಲಸದಲ್ಲೇ ಇದ್ದವು. ಮೂರಕ್ಕೂ ಸೇರಿಸಿ ಟ್ರಯಥ್ಲಾನ್ ಎಂಬ ಹೆಸರಿದೆ, ಅದನ್ನು ಜನ ಕೈಯಿಂದ ದುಡ್ಡು ಕೊಟ್ಟು ಮಾಡುತ್ತಾರೆ ಎಂಬುದೊಂದು ಅವನಿಗೆ ಗೊತ್ತಿರಲಿಲ್ಲ.

ಅವನ ಕೈಯಲ್ಲಿ ಸದಾ ಒಂದು ಹ್ಯಾಂಡಲ್ಲು. ತೂಬಿನ ಗೇಟು ಎತ್ತಲು, ಇಳಿಸಲು ತಿರುಗಿಸುವ ಕಬ್ಬಿಣದ ಹಿಡಿ, ಆರು ಕೆಜಿ ತೂಕ. ಅದನ್ನು ಗೇಟಿನ ಹತ್ತಿರ ಬಿಟ್ಟು ಬಂದರೆ ಬೆಳಗಾಗುವುದರೊಳಗೆ ಗೇಟು ಯಾರಿಗೆ ಬೇಕೋ ಅವರ ಕಡೆ ತಿರುಗಿರುತ್ತದೆ. ಅದಕ್ಕೇ ಹ್ಯಾಂಡಲ್ಲು ನೀರುಗಂಟಿಯ ಜೊತೆಯಲ್ಲೇ ಮಲಗಿ ಏಳುತ್ತದೆ. ಮಾದುವಿನ ಅಪ್ಪ ಪುಟ್ಟಸಿದ್ದಯ್ಯ ಮಗನಿಗೆ ಬಿಟ್ಟು ಹೋದದ್ದು ಈ ಕೆಲಸ ಮತ್ತು ಒಂದು ಕಟ್ಟಳೆ: ಈ ನಾಲೆಯ ನೀರು ಕುಡಿಯುವ ಗದ್ದೆ ಯಾರಿಗಿದೆಯೋ ಅವರ ಕೈಗೆ ಹ್ಯಾಂಡಲ್ಲು ಕೊಡಬಾರದು. ಅಧ್ಯಕ್ಷನಾದರೂ ಸರಿ, ಸ್ವಾಮಿಯಾದರೂ ಸರಿ, ಬೀಡಿ ಹಚ್ಚುವಷ್ಟು ಹೊತ್ತಿಗೂ ಸರಿಯೇ, ಕೊಡಬಾರದು. ನೀರು ಹಂಚುವ ಕೆಲಸ ತಲೆತಲಾಂತರದಿಂದ ಗದ್ದೆಯಿಲ್ಲದವರ ಕೇರಿಗೇ ಯಾಕೆ ಬಂತು ಎಂದು ಕೇಳಬೇಡಿ. ಆ ಕೇರಿಗೆ ಗದ್ದೆ ಕೊಡಬಾರದೆಂದು ಮೊದಲೇ ತೀರ್ಮಾನ ಆಗಿತ್ತು. ಆಮೇಲೆ ಅದಕ್ಕೆ ನಿಷ್ಪಕ್ಷಪಾತ ಎಂದು ಹೆಸರಿಟ್ಟುಕೊಂಡರು.

ಟ್ರಯಥ್ಲಾನನ್ನು ನಮ್ಮ ನಾಲೆ ಏರಿಗೆ ತಂದವರು ನಿರಂಜನ್. ಕೊಳ್ಳೇಗಾಲದ ಹಲ್ಲಿನ ಡಾಕ್ಟರು. ಅವರ ತಂದೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದರು. ಮಗ ಅದೇ ಕಾಲುಗಳನ್ನು ಒಂದೂವರೆ ಲಕ್ಷದ ಸೈಕಲ್ಲಿನ ಮೇಲೆ ಇಟ್ಟರು. ಒಂದು ದಿನ ಏರಿ ಮೇಲೆ ಜಾಲಿಮುಳ್ಳು ಚುಚ್ಚಿ ಆ ಒಂದೂವರೆ ಲಕ್ಷ ಗಾಳಿ ಬಿಟ್ಟಿತು. ಡಾಕ್ಟರು ಸೈಕಲ್ ತಳ್ಳಿಕೊಂಡು ಬರುವಾಗ ನೀರಿನಲ್ಲಿ ಒಬ್ಬ ಮನುಷ್ಯ ಜೊಂಡಿನ ಕಂತೆ ಎಳೆದುಕೊಂಡು ಅವರಿಗಿಂತ ಮುಂದೆ ಮುಂದೆ ಹೋಗುತ್ತಿದ್ದ. ಡಾಕ್ಟರಿಗೆ ಆಶ್ಚರ್ಯವಾಯಿತು. ಮಾರನೇ ವಾರ ಗಡಿಯಾರ ಹಿಡಿದುಕೊಂಡೇ ಬಂದರು. ಏರಿ ಮೇಲೆ ಇನ್ನೂರು ಮೀಟರಿಗೊಂದು ಕಲ್ಲು ನೆಟ್ಟಿದೆ. ಒಂಬತ್ತೂವರೆ ಕಲ್ಲು ಅಂದರೆ ಸ್ಪರ್ಧೆಯ ಈಜು, ಸಾವಿರದ ಒಂಬೈನೂರು ಮೀಟರ್. ಮಾದು ಅದನ್ನು ಮೂವತ್ತೊಂದು ನಿಮಿಷದಲ್ಲಿ ಮುಗಿಸಿ, ಮೇಲೆ ಬಂದು ಲುಂಗಿ ಹಿಂಡಿದ.

"ಮಾದು, ಇದು ಏನು ಟೈಮಿಂಗ್ ಗೊತ್ತಾ ನಿನಗೆ? ಮೈಸೂರಲ್ಲಿ ಕೋಚ್ ಇಟ್ಕೊಂಡಿರೋರಿಗೂ ಇದು ಬರಲ್ಲ!"

"ಅದೆಂಗಾರ ಆಗ್ಲಿ ಸಾ. ಆವತ್ತಿನ ಪಂಚರ್ ಹಾಕ್ಸುದ್ರಾ?"

ನಾಲೆಯ ನೀರು ಹರಿಯುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಒಬ್ಬನ ಹೊಟ್ಟೆಪಾಡೇ ಅದು. ಇನ್ನೊಬ್ಬರು ವಿಜ್ಞಾನ ಓದಿ ಚಿನ್ನದ ಪದಕ ತಗೊಂಡವರು. ಆದರೂ ಇಬ್ಬರಿಗೂ ಹೊಳೆಯಲಿಲ್ಲ, ಪಕ್ಕದಲ್ಲಿ ಕೂತಿದ್ದ ನನಗೂ ಹೊಳೆಯಲಿಲ್ಲ. ನಮ್ಮ ಕಡೆ ಈಜು ಅಂದರೆ ನೀರು ಹೋದ ಕಡೆ ಹೋಗುವುದು, ಬರುವಾಗ ಏರಿ ಮೇಲೆ ನಡೆದುಕೊಂಡು ಬರುವುದು. ನಾಲೆಯಲ್ಲಿ ಎದುರು ಈಜುವವನನ್ನು ಎಮ್ಮೆ ಕೂಡ ನಿಂತು ನೋಡುತ್ತದೆ.

ಡಾಕ್ಟರು ತಮ್ಮ ಹಳೇ ಸೈಕಲ್ ಕೊಟ್ಟರು. ಮಾದು ಮೊದಲು ಮಾಡಿದ ಕೆಲಸ ಅದಕ್ಕೊಂದು ಕ್ಯಾರಿಯರ್ ಬೆಸುಗೆ ಹಾಕಿಸಿ ಹ್ಯಾಂಡಲ್ಲು ಕಟ್ಟಿದ್ದು. ಡಾಕ್ಟರು ಅರ್ಧ ಕೆಜಿ ಉಳಿಸಲು ಮೂವತ್ತು ಸಾವಿರ ಕೊಟ್ಟು ಹಗುರದ ಚಕ್ರ ತರಿಸಿದ್ದರು. ಇವನು ಆರು ಕೆಜಿ ಬಿಟ್ಟಿ ಸೇರಿಸಿಕೊಂಡ. ಭಾನುವಾರ ಇಬ್ಬರೂ ಕೊಳ್ಳೇಗಾಲ ದಾಟಿ, ಹನೂರು ದಾಟಿ, ಒಡೆಯರಪಾಳ್ಯದವರೆಗೆ ತುಳಿದು ಬರುತ್ತಿದ್ದರು, ತೊಂಬತ್ತರ ಮೇಲೆ ಕಿಲೋಮೀಟರ್. ಅಲ್ಲಿ ಟಿಬೆಟಿನವರ ಹೋಟೆಲಿನಲ್ಲಿ ಡಾಕ್ಟರಿಗೆ ಮೊಮೊ. ಮಾದು ಹೆಂಡತಿ ದೀಪ ಕಟ್ಟಿಕೊಟ್ಟ ಹುರಿಗಡಲೆ ಬೆಲ್ಲ ತಿಂದು, ವಾಪಸು ಬಂದು, ಹತ್ತು ಗಂಟೆಯ ಒಳಗೆ ತೂಬಿನ ಹತ್ತಿರ ಇರುತ್ತಿದ್ದ.

ಮೊದಲ ಸ್ಪರ್ಧೆ ಮೈಸೂರಿನ ಆಚೆಯ ಒಂದು ಕೆರೆಯಲ್ಲಿ. ಆ ವರ್ಷ ಮಳೆ ಚೆನ್ನಾಗಿತ್ತು, ನಾಲೆ ತುಂಬಿ ಹರಿಯುತ್ತಿತ್ತು, ನೀರುಗಂಟಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಬೆಳಿಗ್ಗೆ ಆರೂವರೆಗೆ ಮುನ್ನೂರು ಜನ ಒಟ್ಟಿಗೆ ಕೆರೆಗೆ ಬಿದ್ದರು. ಮಾದು ಕೈ ಬೀಸಿದ. ಮತ್ತೆ ಬೀಸಿದ. ನೂರು ಮೀಟರ್ ಹೋಗಿ ತಲೆ ಎತ್ತಿ, ಕಾವಲು ದೋಣಿಯವನನ್ನು ಕೇಳಿದನಂತೆ:

"ಅಣ್ಣ, ಈ ನೀರ್ಗೇನಾಯ್ತು? ಓಗ್ತಾನೇ ಇಲ್ವಲ್ಲ!"

ದೋಣಿಯವನು ಇವನಿಗೆ ತಲೆ ತಿರುಗಿದೆ ಎಂದುಕೊಂಡು ಕೈ ಚಾಚಿದ. ಮಾದು ಬೇಡ ಎಂದ. ಒಂದು ಗಂಟೆ ಹತ್ತು ನಿಮಿಷದೊಳಗೆ ದಡ ಮುಟ್ಟದವರನ್ನು ಹೊರಗೆ ಹಾಕುತ್ತಾರೆ. ಇವನು ಒಂದು ಗಂಟೆ ಆರು ನಿಮಿಷಕ್ಕೆ ಮುಟ್ಟಿದ, ನಾಲೆಯಲ್ಲಿ ತೆಗೆದುಕೊಂಡದ್ದಕ್ಕಿಂತ ಎರಡರಷ್ಟು ಮತ್ತೂ ಸ್ವಲ್ಪ. ಆಮೇಲೆ ಸೈಕಲ್ಲಿನ ತೊಂಬತ್ತು, ಓಟದ ಇಪ್ಪತ್ತೊಂದು ಕಿಲೋಮೀಟರಿನಲ್ಲಿ ಒಬ್ಬೊಬ್ಬರನ್ನೇ ಹಿಂದೆ ಹಾಕಿ, ತನ್ನ ವಯಸ್ಸಿನ ಗುಂಪಿನಲ್ಲಿ ಮೂವತ್ತೊಂದನೆಯವನಾದ. ರಾಷ್ಟ್ರಮಟ್ಟಕ್ಕೆ ಸೀಟು ಸಿಗುವುದು ಗುಂಪಿಗೆ ಎರಡು.

ಮನೆಗೆ ಬಂದಾಗ ದೀಪ ತಣ್ಣಗೆ ಹೇಳಿದಳು. "ಮೂವತ್ತೊಂದ್ ನಿಮ್ಸ ಅಂತ ಓದ್ರಿ, ಮೂವತ್ತೊಂದ್ನೇ ನಂಬ್ರ ತಕ್ಕಂಡ್ ಬಂದ್ರಿ. ಲೆಕ್ಕ ಸರಿ ಓಯ್ತಲ್ಲ, ಮುದ್ದೆ ಉಣ್ಣಿ."

ಡಾಕ್ಟರಿಗೆ ಒಂದು ವಾರ ಮುಖ ಇರಲಿಲ್ಲ. ಎಂಟನೇ ದಿನ ಫೋನಿನಲ್ಲಿ ದೊಡ್ಡ ಯೋಜನೆ ಹಾಕಿಕೊಂಡು ಬಂದರು. ಅವರ ಮಾತು ಇಷ್ಟು: ಪ್ರತಿ ವರ್ಷ ಸೀಟಿನ ಹಿಂದೆ ಓಡಿದರೆ ಮೈ ಕೆಡುತ್ತದೆ. ಮೂರು ನಾಲ್ಕು ವರ್ಷ ನಿಧಾನವಾಗಿ ಬುನಾದಿ ಹಾಕಬೇಕು. ನಲವತ್ತು ದಾಟಿದರೆ ಮೇಲಿನ ಗುಂಪು, ಅಲ್ಲಿ ಪೈಪೋಟಿ ಕಡಿಮೆ, ಆಗ ನುಗ್ಗಬೇಕು. ಸೋಮವಾರ ಪೂರ್ತಿ ವಿಶ್ರಾಂತಿ, ಮಂಗಳವಾರ ಈಜು, ಬುಧವಾರ...

"ಸೋಮವಾರ ರೆಸ್ಟಾ ಸಾ? ನೀರ್ಗೂ ಒಂದ್ ಮಾತ್ ಯೋಳ್ಬುಡಿ."

"ತಮಾಷೆ ಅಲ್ಲ ಮಾದು. ತಾಳ್ಮೆ ಬೇಕು ಇದಕ್ಕೆ."

"ತಾಳ್ಮೆ ನಂಗ್ ಕಲಿಸ್ಬೇಡಿ ಸಾ. ಸಂಬ್ಳುಕ್ ಕಾಯೋನಿಗೆ ನಲ್ವತ್ತುಕ್ ಕಾಯೋದೇನ್ ಕಷ್ಟ? ನಾ ಕಾಯ್ತೀನಿ. ನನ್ ಮಂಡಿ ಕಾಯ್ತದಾ ಅಂತ ಅದನ್ನ ಕೇಳಿ."

ಕೊನೆಗೆ ಒಪ್ಪಂದ ಆಯಿತು. ಬುನಾದಿಯೂ ಬೇಕು, ಸೀಟೂ ಬೇಕು, ಎರಡರ ನಡುವೆ ಬೆಳೆಗೆ ನೀರೂ ಹೋಗಬೇಕು. ಈಜನ್ನು ಇನ್ನು ಮೇಲೆ ಎದುರು ನೀರಿಗೆ ಮಾಡುವುದು ಎಂದೂ ಆಯಿತು. ಮೊದಲ ತಿಂಗಳು ಮಾದು ಮುಂದಕ್ಕೆ ಈಜುತ್ತ ಈಜುತ್ತ ಹಿಂದಕ್ಕೆ ಹೋದ. ನಾನು ನಲವತ್ತು ವರ್ಷದಲ್ಲಿ ಅನೇಕ ಅಭಿವೃದ್ಧಿ ಯೋಜನೆ ನೋಡಿದ್ದೇನೆ, ಇಷ್ಟು ಪ್ರಾಮಾಣಿಕವಾದದ್ದನ್ನು ನೋಡಿರಲಿಲ್ಲ. ನಾಲ್ಕನೇ ತಿಂಗಳಿಗೆ ಒಂದು ಹೊಂಗೆ ಮರದ ನೇರಕ್ಕೆ ನಿಂತ. ಮುಕ್ಕಾಲು ಗಂಟೆ ಕೈ ಬಡಿದರೂ ಮರ ಅಲ್ಲೇ, ಇವನೂ ಅಲ್ಲೇ. ಏರಿ ಮೇಲೆ ಹೋಗುವವರಿಗೆ ಬಿಟ್ಟಿ ಮನರಂಜನೆ.

ಪ್ರಭುಸ್ವಾಮಿ ಮೋಟರ್ ಬೈಕ್ ನಿಲ್ಲಿಸಿಯೇ ನೋಡುತ್ತಿದ್ದರು. ನಾಲೆಯ ಮೇಲ್ಭಾಗದಲ್ಲಿ ಹದಿನಾಲ್ಕು ಎಕರೆ ಅವರದು. ನೀರು ಮೊದಲು ಸಿಗುವುದು ಅವರಿಗೆ. ಸಾಲದು ಎಂದು ಕೂಗುವವರಲ್ಲೂ ಅವರೇ ಮೊದಲು.

"ಏನ್ಲಾ ಮಾದು, ಒಂದೇ ಜಾಗ್ದಲ್ಲಿ ಇಷ್ಟೊತ್ತು ಕೈ ಆಡಿಸ್ಕಂಡ್ ನಿಂತಿದ್ದೀಯಲ್ಲ, ಸರ್ಕಾರಿ ಕೆಲ್ಸ ಪರ್ಮನೆಂಟ್ ಆಯ್ತಾ?"

"ಇಲ್ಲ ಪ್ರಭಣ್ಣ. ಪರ್ಮನೆಂಟ್ ಆಗಿದ್ರ ಕೈನೂ ಆಡಿಸ್ತಿರ್ನಿಲ್ಲ."

ಪುಟ್ಟಸಿದ್ದಯ್ಯ ಇವರನ್ನು ಕೈಮುಗಿದು 'ಬುದ್ಧಿ' ಅನ್ನುತ್ತಿದ್ದ. ಮಗ 'ಪ್ರಭಣ್ಣ' ಅನ್ನುತ್ತಾನೆ. ಪ್ರಭುಸ್ವಾಮಿಗೆ ಅದೊಂದು ಹಳೇ ಹಲ್ಲುನೋವು. ಅದಕ್ಕೆ ನಿರಂಜನ್ ಡಾಕ್ಟರ ಹತ್ತಿರವೂ ಮದ್ದಿಲ್ಲ.

ಎರಡನೇ ವರ್ಷ ಮಳೆ ಕೈಕೊಟ್ಟಿತು, ನಾಲೆಗೆ ನೀರು ಬಿಡಲಿಲ್ಲ. ನಾವು ರೈತ ಸಂಘದವರು ನೀರಾವರಿ ಎಂಜಿನಿಯರ್ ಆಫೀಸಿನ ಮುಂದೆ ಶಾಮಿಯಾನ ಹಾಕಿ ಕೂತೆವು. ಮೂರನೇ ದಿನ ಹಿಂದಿನ ಸಾಲಿನಿಂದ ಒಂದು ಗಂಟಲು ಎಲ್ಲರಿಗಿಂತ ಜೋರಾಗಿ "ನೀರು ಬಿಡಿ" ಎಂದು ಕೂಗುತ್ತಿತ್ತು. ತಿರುಗಿ ನೋಡಿದರೆ ಮಾದು. ಎಂಜಿನಿಯರು ಹೊರಗೆ ಬಂದವರು ಅವನನ್ನು ಕಂಡು ನಿಂತುಬಿಟ್ಟರು.

"ಏನಯ್ಯಾ, ನೀನು ನಮ್ಮ ಕಡೆಯವನಲ್ವಾ? ನಿನಗೆಲ್ಲಿದೆ ಗದ್ದೆ?"

"ಗದ್ದೆ ಇಲ್ಲ ಸಾ. ಮೂರ್ ವಾರ ಆಯ್ತು ಈಜಿ, ಕೈ ಹಿಡ್ಕಂಡವೆ."

ನೀರಿಗಾಗಿ ಅಳುವವರನ್ನು, ಬೈಯುವವರನ್ನು, ಹಗ್ಗ ಹಿಡಿದುಕೊಂಡು ಬಂದವರನ್ನು ಆ ಆಫೀಸು ಕಂಡಿದೆ. ಇಂಥ ಬೇಡಿಕೆ ಅದರ ಫೈಲಿನಲ್ಲಿ ಇರಲಿಲ್ಲ. ಆವತ್ತು ಸಂಜೆ ನಾನು ಅವನನ್ನು ಕೂರಿಸಿಕೊಂಡು ಕೇಳಿದೆ, ಇದೆಲ್ಲ ನಿನಗೆ ಯಾಕಪ್ಪ ಬೇಕು ಎಂದು.

"ಅಣ್ಣ, ಇಪ್ಪತ್ ವರ್ಸದಿಂದ ನೀರ್ ಬುಡ್ತಾ ಇವ್ನಿ. ಬುಟ್ಟಿದ್ದೆಲ್ಲ ಯಾರ್ದೋ ಗದ್ದೆಗ್ ಓಯ್ತದೆ. ಇದೊಂದ್ ಮಾತ್ರ ನಂಗೇ ಬತ್ತದೆ." ತೋಳು ನೀವಿಕೊಂಡು ಸೇರಿಸಿದ, "ಬತ್ತದೋ ಇಲ್ವೋ. ಬಂದ್ರ ನಂಗೇ."

ಮೂರನೇ ವರ್ಷ ಅರೆಬರೆ ಮಳೆ. ನೀರು ಪಾಳಿಯ ಮೇಲೆ ಬಿಟ್ಟರು: ಮೂರು ದಿನ ನಾಲೆಯ ಮೇಲ್ಭಾಗದವರಿಗೆ, ಮೂರು ದಿನ ಕೊನೆಯವರಿಗೆ. ಬದಲಾಗುವುದು ಸಂಜೆ ಆರಕ್ಕೆ ಸರಿಯಾಗಿ. ಆ ಹೊತ್ತಿಗೆ ನೀರುಗಂಟಿ ಬಂದು ಮೇಲಿನವರ ಗೇಟು ಇಳಿಸಿ ಕೊನೆಯವರ ಗೇಟು ಎತ್ತಬೇಕು. ನವೆಂಬರಿನಲ್ಲಿ ಸ್ಪರ್ಧೆ. ಆ ಭಾನುವಾರ ಸಂಜೆಯೇ ಪಾಳಿ ಬದಲು. ಭತ್ತ ಹಾಲುಗಟ್ಟುವ ಕಾಲ. ಕೊನೆಯ ಗದ್ದೆಗಳು ಮೂರು ದಿನದಿಂದ ಬಾಯಿ ಬಿಟ್ಟುಕೊಂಡಿದ್ದವು. ಮಾದು ರಜೆ ಕೇಳಿದ. ಹೊರಗುತ್ತಿಗೆಯವರಿಗೆ ರಜೆ ಇಲ್ಲ, ಇವನ ಬದಲಿಗೆ ಇನ್ನೊಬ್ಬ ಆಳೂ ಇಲ್ಲ. ದೀಪ ಹಾಸ್ಟೆಲಿನಲ್ಲಿ ಅಡುಗೆಯವಳು. ಭಾನುವಾರ ಅಲ್ಲಿ ಕೋಳಿ ಸಾರು, ಅವಳಿಗೂ ರಜೆ ಇಲ್ಲ. ಕೇರಿಯ ಮಿಕ್ಕವರೆಲ್ಲ ಮೇಲಿನವರ ಗದ್ದೆಯಲ್ಲೇ ಕೂಲಿಯವರು, ಮೇಲಿನವರ ಗೇಟು ಇಳಿಸಿದರೆ ಮಾರನೇ ದಿನ ಅವರಿಗೆ ಕೂಲಿ ಇಲ್ಲ. ನನಗೆ ಕೊಡು ಎಂದು ನಾನು ಕೈ ಚಾಚಿದೆ. ಅವನು ನನ್ನ ಮುಖ ನೋಡಿದ.

"ನಿಮ್ದೂ ಒಂದೂವರೆ ಎಕ್ರೆ ಇದ್ದದಲ್ಲಣ್ಣ ಇದೇ ನೀರ್ಗೆ."

ನಲವತ್ತು ವರ್ಷ ಸಮಾನತೆಯ ಭಾಷಣ ಮಾಡಿದವನಿಗೆ ಇನ್ನೇನು ಬೇಕು? ಚಾಚಿದ ಕೈ ಮಡಚಿಕೊಂಡೆ. ಮಾದು ಹ್ಯಾಂಡಲ್ಲನ್ನು ಬ್ಯಾಗಿಗೆ ಹಾಕಿಕೊಂಡು ಸ್ಪರ್ಧೆಗೆ ಹೋದ.

ಅಲ್ಲಿ ಸೈಕಲ್ ನಿಲ್ಲಿಸುವ ಜಾಗದಲ್ಲಿ ಬ್ಯಾಗು ತಪಾಸಣೆ. ನೀಲಿ ಟೀ ಶರ್ಟಿನ ಹುಡುಗಿಯೊಬ್ಬಳು ಕಬ್ಬಿಣ ಎತ್ತಲಾಗದೆ ಎತ್ತಿ, "ಸರ್, ಇದು ಯಾವ ಪಾರ್ಟ್?" ಎಂದಳಂತೆ. ಇವನು ಹೇಳಿದ, "ಇದು ನಾಲೇದು ಕಣವ್ವ. ಇಲ್ಲೇ ಇರ್ಲಿ, ಓಡೋಗಲ್ಲ."

ಎರಡು ವರ್ಷ ಎದುರು ನೀರಿಗೆ ಕೈ ಬಡಿದವನಿಗೆ ನಿಂತ ಕೆರೆ ದಾರಿ ಬಿಟ್ಟುಕೊಟ್ಟಿತು. ನಲವತ್ತೊಂದು ನಿಮಿಷ. ಆರು ಕೆಜಿ ಇಳಿಸಿದ ಸೈಕಲ್ ತಾನಾಗಿ ಓಡಿತು. ಮಧ್ಯಾಹ್ನ ಹನ್ನೆರಡೂವರೆಗೆ ಮಾದು ತನ್ನ ಗುಂಪಿನಲ್ಲಿ ನಾಲ್ಕನೆಯವನಾಗಿ ಮುಗಿಸಿದ. ಸೀಟು ಎರಡೇ. ನಾಲ್ಕನೆಯವನಿಗೆ ಸಿಗುವುದು ಒಂದು ಬಾಳೆಹಣ್ಣು, ಒಂದು ಪದಕ. ಎರಡನ್ನೂ ಜೇಬಿಗೆ ಹಾಕಿಕೊಂಡು, ಸೈಕಲ್ಲನ್ನು ಡಾಕ್ಟರ ಕಾರಿನ ಹತ್ತಿರ ಒರಗಿಸಿ, ಹ್ಯಾಂಡಲ್ಲು ಎತ್ತಿಕೊಂಡ. ಡಾಕ್ಟರು ಆಗಿನ್ನೂ ಓಡುತ್ತಿದ್ದರು. ಅವರನ್ನು ಕಾದರೆ ಆರು ಗಂಟೆಗೆ ತೂಬಿನ ಹತ್ತಿರ ಇರಲು ಆಗುವುದಿಲ್ಲ. ರಸ್ತೆಗೆ ಬಂದು ಬಸ್ಸು ಹತ್ತಿದ.

ನಾಲ್ಕು ಗಂಟೆಗೆ ಸೀಟು ಹಂಚುವ ಸಭೆ. ಕಾನೂನು ಹೀಗೆ: ಮೇಲಿನವರು ಬೇಡ ಅಂದರೆ ಸೀಟು ಕೆಳಗಿನವರಿಗೆ ಇಳಿಯುತ್ತದೆ. ಆದರೆ ಹೆಸರು ಕೂಗಿದಾಗ ಖುದ್ದಾಗಿ ಎದುರಿಗೆ ಇರಬೇಕು. ಮೊದಲನೆಯವನಿಗೆ ಬೇರೆ ಕಡೆ ಸೀಟು ಆಗಿತ್ತು, ಬೇಡ ಅಂದ. ಎರಡನೆಯವನು ತೆಗೆದುಕೊಂಡ. ಮೂರನೆಯವನ ಅಕ್ಕನ ಮಗಳ ಮದುವೆ ರಾಷ್ಟ್ರಮಟ್ಟದ ಸ್ಪರ್ಧೆಯ ದಿನವೇ. ನಾಲ್ಕನೆಯ ಹೆಸರು ಕೂಗಿದರು. ಅಷ್ಟರಲ್ಲಿ ಓಟ ಮುಗಿಸಿ ಕುರ್ಚಿಯಲ್ಲಿ ಬಿದ್ದಿದ್ದ ಡಾಕ್ಟರು ಎದ್ದು, "ಇದ್ದಾನೆ, ಇದ್ದಾನೆ, ಟಾಯ್ಲೆಟ್ಟಿಗೆ ಹೋಗಿದ್ದಾನೆ!" ಎಂದರು. ಎರಡನೇ ಸಲ ಕೂಗಿದರು. "ದುಡ್ಡು ನಾನು ಕಟ್ತೀನಿ ಬರ್ಕೊಳ್ಳಿ." ಖುದ್ದು ಹಾಜರಿರಬೇಕು ಅಂದರು. ಮೂರನೇ ಸಲ ಕೂಗಿದರು. ಸೀಟು ಐದನೆಯವನಿಗೆ ಹೋಯಿತು. ನಮ್ಮ ದೇಶದಲ್ಲಿ ಮೇಲಿನಿಂದ ಕೆಳಕ್ಕೆ ಸರಿಯಾಗಿ ಹರಿದು ಬರುವ ವಸ್ತುವೊಂದನ್ನು ನಾನು ಕೊನೆಗೂ ಕಂಡಂತಾಯಿತು. ಅದು ಬಂದು ತಲುಪಿದಾಗ ಕೆಳಗಿನವನು ಟಿಕೆಟ್ ತೆಗೆದುಕೊಂಡು ಮೈಸೂರಿನ ಬಸ್ ನಿಲ್ದಾಣ ದಾಟಿದ್ದ.

ಮಾದು ತೂಬು ಮುಟ್ಟಿದ್ದು ಆರು ಗಂಟೆ ಹತ್ತು ನಿಮಿಷಕ್ಕೆ. ಗೇಟಿನ ಕಟ್ಟೆ ಮೇಲೆ ಚಿಕ್ಕತಾಯಮ್ಮ ಕೂತಿದ್ದಳು. ಅರವತ್ತನಾಲ್ಕು ವರ್ಷ, ಕೊನೆಯ ಗದ್ದೆಯಲ್ಲಿ ಮೂವತ್ತು ಗುಂಟೆ. ಮೇಲಿನವರ ಆಳುಗಳು ಹುಲ್ಲಿನ ಕಂತೆ ತಂದು ಅಡ್ಡ ಒಡ್ಡಿಯಾರೆಂದು ಮಧ್ಯಾಹ್ನದಿಂದ ಕಾದಿದ್ದಳು. ನಾನೂ ಅಲ್ಲೇ ಇದ್ದೆ. ನಮ್ಮಿಬ್ಬರ ಕೈಯಲ್ಲೂ ಮಾಡಲು ಏನೂ ಇರಲಿಲ್ಲ.

"ಅತ್ ನಿಮ್ಸ ತಡ ಕಣ್ಲಾ ಮಾದು! ಎಲ್ಲಿ ಸತ್ತೋಗಿದ್ದೆ?"

"ಈಜೋಕ್ ಓಗಿದ್ದೆ ಕಣವ್ವ."

"ಇಲ್ಲಿ ನೀರಿಲ್ವೇನ್ಲಾ ಈಜಕೆ?"

ಅವನು ಹ್ಯಾಂಡಲ್ಲು ಸಿಕ್ಕಿಸಿ ಒಂದು ಗೇಟು ನಲವತ್ತು ಸುತ್ತು ಇಳಿಸಿದ, ಇನ್ನೊಂದು ನಲವತ್ತು ಸುತ್ತು ಎತ್ತಿದ. ಬೆಳಿಗ್ಗೆಯಿಂದ ನೂರಾ ಹದಿಮೂರು ಕಿಲೋಮೀಟರ್ ಹೋದವನು ಹ್ಯಾಂಡಲ್ಲು ಕಳಚಿಕೊಂಡು ಕಟ್ಟೆಗೆ ಒರಗಿದ. ನೀರು ಕೆಳಕ್ಕೆ ಹೊರಟಿತು. ಆಗ ಫೋನು ಬಂತು, ಡಾಕ್ಟರದು. ಮಾದು ಕೇಳಿಸಿಕೊಂಡ. "ಆಯ್ತು ಬುಡಿ ಸಾ" ಅಂದ. ಫೋನು ಇಟ್ಟು ನನಗೆ ಒಂದೇ ಮಾತು ಹೇಳಿದ, "ಮೂರ್ ಸಲ ಕೂಗುದ್ರಂತಣ್ಣ." ಪದಕವನ್ನು ಚಿಕ್ಕತಾಯಮ್ಮ ತಿರುಗಿಸಿ ತಿರುಗಿಸಿ ನೋಡಿ, ಇದರಲ್ಲಿ ತಾಮ್ರ ಇಲ್ಲ ಅಂದಳು. ಬಾಳೆಹಣ್ಣು ತಿಂದಳು.

ಮುಂದಿನ ವಾರ ಬಸ್ ನಿಲ್ದಾಣದಲ್ಲಿ ಫ್ಲೆಕ್ಸು ಎದ್ದಿತು. 'ನಮ್ಮ ಹೆಮ್ಮೆಯ ಕ್ರೀಡಾಪಟುವಿಗೆ ಅಭಿನಂದನೆಗಳು.' ಪ್ರಭುಸ್ವಾಮಿಯವರ ಚಿತ್ರ ಆಳೆತ್ತರ, ಮಾದುವಿನದು ಅವರ ಗಡಿಯಾರದಷ್ಟು. ಅದೇ ಪ್ರಭುಸ್ವಾಮಿ, ಹತ್ತು ನಿಮಿಷ ತಡವಾಗಿ ಗೇಟು ಇಳಿಸಿದ್ದಕ್ಕೆ ತಮಗೆ ಲಾಭವಾಗಿದ್ದರೂ, ನೀರುಗಂಟಿ ಕರ್ತವ್ಯಲೋಪ ಮಾಡಿದ ಎಂದು ಒಂದು ಅರ್ಜಿಯನ್ನೂ ಕೊಟ್ಟಿದ್ದರು. ಮನುಷ್ಯನಿಗೆ ಎರಡು ಕೈ ಇರುವುದು ಸುಮ್ಮನೆ ಅಲ್ಲ.

ಈ ವರ್ಷ ಮಾದು ಹೊಂಗೆ ಮರ ದಾಟಿ ಎದುರು ನೀರಿಗೆ ಮೂರು ಕಲ್ಲು ಮೇಲಕ್ಕೆ ಹೋಗುತ್ತಾನೆ. ಡಾಕ್ಟರ ಲೆಕ್ಕದಲ್ಲಿ ಎರಡನೇ ಸ್ಥಾನ ಖಾತ್ರಿ, ಮಂಡಿ ಇನ್ನೊಂದು ವರ್ಷ ತಡೆಯುವುದು ಖಾತ್ರಿ ಇಲ್ಲ. ಸ್ಪರ್ಧೆ ಬರುವ ನವೆಂಬರ್ ಎರಡನೇ ಭಾನುವಾರ. ನೀರಿನ ವೇಳಾಪಟ್ಟಿ ನೋಡಿದ್ದೇನೆ. ಈ ಸಲವೂ ಪಾಳಿ ಬದಲಾಗುವುದು ಅದೇ ಸಂಜೆ ಆರಕ್ಕೆ. ಸೀಟು ಹಂಚುವುದು ನಾಲ್ಕಕ್ಕೆ.

ಈಗ ನಿಮ್ಮ ವಿಷಯ. ಈ ನಾಲೆಯ ಕೆಳಗೆ ಒಂದು ಗುಂಟೆ ಗದ್ದೆಯೂ ಇಲ್ಲದ ಒಬ್ಬ ಮನುಷ್ಯ ಬೇಕು. ನಾನು ಅನರ್ಹ, ಚಿಕ್ಕತಾಯಮ್ಮ ಅನರ್ಹಳು, ಪ್ರಭುಸ್ವಾಮಿ ಹುಟ್ಟಿನಿಂದಲೇ ಅನರ್ಹರು. ಮಾದುವಿಗೆ ಅರ್ಹತೆ ಗಳಿಸಲು ನಾಲ್ಕು ವರ್ಷ ಹಿಡಿಯುತ್ತಿದೆ. ನೀವು ಇದನ್ನು ಕುರ್ಚಿಯಲ್ಲಿ ಕೂತು ಓದುತ್ತಲೇ ಅರ್ಹರಾಗಿದ್ದೀರಿ. ಮೆಚ್ಚುಗೆ ಬೇಡ, ಚಂದಾ ಬೇಡ, ಫ್ಲೆಕ್ಸಂತೂ ಬೇಡ. ಆ ಭಾನುವಾರ ಮಧ್ಯಾಹ್ನ ಮಾಂಬಳ್ಳಿಯಲ್ಲಿ ಬಸ್ಸಿಳಿದು ನೀರುಗಂಟಿ ಮಾದುವಿನ ಮನೆ ಎಲ್ಲಿ ಎಂದು ಕೇಳಿ. ದೀಪ ಹಾಸ್ಟೆಲಿಗೆ ಹೋಗುವ ಮುಂಚೆ ಹ್ಯಾಂಡಲ್ಲನ್ನು ಬಾಗಿಲ ಹಿಂದೆ ಇಟ್ಟಿರುತ್ತಾಳೆ. ಆರು ಕೆಜಿ, ಎತ್ತಿಕೊಳ್ಳಿ. ಆರು ಗಂಟೆಗೆ ಒಂದು ಗೇಟು ನಲವತ್ತು ಸುತ್ತು ಇಳಿಸಿ, ಇನ್ನೊಂದು ನಲವತ್ತು ಸುತ್ತು ಎತ್ತಿ, ಅವನು ಬರುವ ತನಕ ಕಟ್ಟೆ ಮೇಲೆ ಕೂತಿರಿ. ಪಕ್ಕದಲ್ಲಿ ಕೂತು ಬೈಸಿಕೊಳ್ಳಲು ನಾನಿರುತ್ತೇನೆ.

ಬರುತ್ತೀರೋ ಇಲ್ಲವೋ?